ಕೊಡಸವೋ ಬೆಪ್ಪಾಲೆಯೋ: ದೇವಿಮನೆ ಘಟ್ಟದ ಬಿಳಿ ಹೂವು

ನಮಸ್ಕಾರ ಅಕ್ಕಾ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ ರಸ್ತೆಯಂಚಿನಲ್ಲಿ ಕಂಡ ಬಿಳಿ ಗೊಂಚಲಿನ ಚಿತ್ರ ಹಾಕಿ, ಇದು ತಂಬುಳಿಗೆ ಬಳಸುವ ಕೊಡಸವೇ, ಹೌದಾದರೆ ಗಿಡ ಮಾಡಿ ಹಂಚುವುದು ಹೇಗೆ ಎಂದು ಕೇಳಿದ್ದೀರಿ. ಹಲವರು ಆಗಲೇ ಹೌದೆಂದು ಬರೆದಿದ್ದಾರೆ. ಚಿತ್ರ ದೂರದಿಂದ ತೆಗೆದದ್ದಾದ್ದರಿಂದ ನಾನು ಅಷ್ಟು ಬೇಗ ಒಪ್ಪಲಾರೆ. ಕೊಡಸವೂ ಅದನ್ನೇ ಹೋಲುವ ಬೆಪ್ಪಾಲೆ ಮರವೂ ಬೇಸಿಗೆಯಲ್ಲಿಯೇ ಹೂ ಬಿಡುತ್ತವೆ, ಎರಡರ ಎಲೆಗಳೂ ಎದುರುಬದುರು ಜೋಡಿಯಾಗಿರುತ್ತವೆ, ಯಾವುದನ್ನು ಚಿವುಟಿದರೂ ಬಿಳಿ ಹಾಲು ಒಸರುತ್ತದೆ.

ವ್ಯತ್ಯಾಸವಿರುವುದು ಹೂವಿನ ನಡುವಿನಲ್ಲಿ. ಕೊಡಸದ ಐದು ಎಸಳುಗಳ ಕೆಳಗೆ ಸಪೂರ ಕೊಳವೆಯಿದ್ದು, ಕೇಸರಗಳು ಅದರೊಳಗೆ ಆಳದಲ್ಲಿ ಅಡಗಿರುವುದರಿಂದ, ಮೇಲಿನಿಂದ ನೋಡಿದರೆ ಸಣ್ಣ ತೂತಷ್ಟೇ ಕಾಣುತ್ತದೆ. ಬೆಪ್ಪಾಲೆಯಲ್ಲಿ ಕೇಸರಗಳು ಒಂದಕ್ಕೊಂದು ಅಂಟಿ ಮೊನೆಯಾಗಿ ಹೊರಗೆ ಚಾಚಿರುತ್ತವೆ, ಸುತ್ತಲೂ ಬಿಳಿ ಎಳೆಗಳ ಕುಚ್ಚು ಇರುತ್ತದೆ. ಮರದಲ್ಲಿ ಕೋಡು (ಬೀಜದ ಕಾಯಿ) ಉಳಿದಿದ್ದರೆ ಅದನ್ನೂ ನೋಡಿರಿ: ಎರಡರಲ್ಲೂ ಉದ್ದನೆಯ ಕೋಡುಗಳು ಜೋಡಿಯಾಗಿ ತೂಗುತ್ತವೆ, ಆದರೆ ಎಳೆಯ ಬೆಪ್ಪಾಲೆ ಕೋಡುಗಳ ತುದಿಗಳು ಕೂಡಿಕೊಂಡಿರುತ್ತವೆ, ಕೊಡಸದವು ಬಿಡಿಬಿಡಿ. ಚನ್ನಪಟ್ಟಣದ ಗೊಂಬೆಗೆ ಒದಗುವ ಮರ ಈ ಬೆಪ್ಪಾಲೆಯೇ. ಒಳ್ಳೆಯ ಮರವೇ ಹೌದು, ತಂಬುಳಿಗೆ ಬೇಕಾದದ್ದು ಮಾತ್ರ ಅದಲ್ಲ.

ಅಡುಗೆಗೆಂದಾದರೆ ಗುರುತು ಖಚಿತವಾಗುವ ತನಕ ಹೂ ಆರಿಸಲೇಬೇಡಿ. ಕೊಡಸವೆಂದು ತಿಳಿದ ಮೇಲೆ, ಉದುರಿದ ತಾಜಾ ಹೂಗಳನ್ನು ಒಣಗಿಸಿ ಡಬ್ಬಿಯಲ್ಲಿಟ್ಟುಕೊಂಡರೆ, ಮಳೆಗಾಲದಲ್ಲಿ ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು, ತೆಂಗಿನಕಾಯಿಯೊಡನೆ ಬೀಸಿ, ಮಜ್ಜಿಗೆ ಬೆರೆಸಬಹುದು.

ಹಂಚಲು ಬೀಜವೇ ಅನುಕೂಲ. ಕೋಡು ಕಂದು ಬಣ್ಣಕ್ಕೆ ತಿರುಗಿದೊಡನೆ, ಬಾಯಿ ಬಿಡುವ ಮೊದಲೇ ಕೊಯ್ದು ಕಾಗದದ ಚೀಲದಲ್ಲಿಡಿ. ತಡವಾದರೆ ರೇಷ್ಮೆಯಂಥ ಕೂದಲಿರುವ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಮನೆಯ ಬೇಣದಲ್ಲಿಯೇ (ಹುಲ್ಲುಗಾವಲಿನಲ್ಲಿ) ಮರವಿದ್ದರೆ ಬೇರಿನಿಂದ ಎದ್ದ ಮರಿಗಳನ್ನು ಮಳೆ ಹಿಡಿದ ಮೇಲೆ ಬೇರು ಸಹಿತ ಬಿಡಿಸಿ ನೆಡಬಹುದು.

ನಿಮ್ಮ ಎರಡನೆಯ ಚಿತ್ರದಲ್ಲಿ ಹಲಸಿನ ಕೊಂಬೆಯಿಂದ ಇಳಿಬಿದ್ದ, ಬಿಳಿಯ ಮೇಲೆ ನೇರಳೆ ಚುಕ್ಕೆಯ ಹೂಮಾಲೆ ಸೀತಾಳೆ ದಂಡೆ ಎಂಬ, ಮರದ ಮೇಲೆ ಬೆಳೆಯುವ ಆರ್ಕಿಡ್, ಅದರಲ್ಲಿ ಸಂಶಯವಿಲ್ಲ. ಅದನ್ನು ಮರದಿಂದ ಕಿತ್ತು ಹಂಚುವ ಮಾತು ಬೇಡ. ಮಳೆಗಾಳಿಗೆ ನಿಮ್ಮ ಅಂಗಳದಲ್ಲೇ ಕೊಂಬೆ ಮುರಿದು ಬಿದ್ದರೆ, ಗಿಡವನ್ನು ಮಾವಿನ ಕಾಂಡಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದರೆ ಬೇರು ಹಿಡಿಯುತ್ತದೆ. ಬುಡಕ್ಕೆ ಮಣ್ಣು ಹಾಕಬಾರದು.

ಮುಂದಿನ ಬಾರಿ ಆ ದಾರಿಯಲ್ಲಿ ಹೋದಾಗ ಹೂವಿನ ನಡುವನ್ನು ಮೇಲಿನಿಂದ, ಎಲೆಯ ಜೋಡಿಯನ್ನು ಹತ್ತಿರದಿಂದ, ಕೋಡಿದ್ದರೆ ಅದರ ತುದಿಯನ್ನೂ ಚಿತ್ರ ತೆಗೆದು ಇಲ್ಲಿ ಹಾಕಿ.