ವೈಕಿಕಿಯ ಹಳೆಯ ಟಿಕಿ ಸಾಮಾನು: ಕೊಳ್ಳುವ ಮೊದಲು ತಳ ನೋಡಿ

ಮೇಡಂ, ಹವಾಯಿಯ ಹೊನೊಲುಲುವಿನಲ್ಲಿ ಮಗಳ ಮನೆಯಲ್ಲಿರುವಷ್ಟು ದಿನ ಅಲ್ಲಿನ ಕಡಲತೀರದ ಬಡಾವಣೆ ವೈಕಿಕಿಯ ಹಳೆಯ ಟಿಕಿ ಬಾರುಗಳ (ಪಾಲಿನೇಷ್ಯಾ ದ್ವೀಪಗಳ ಮೂರ್ತಿಗಳನ್ನು ಹೋಲುವ ಕೆತ್ತನೆಗಳಿಂದ ಅಲಂಕರಿಸಿದ ಬಾರುಗಳ) ಮಗ್, ಮೆನು, ಬೆಂಕಿಪೊಟ್ಟಣಗಳನ್ನು ಕೂಡಿಟ್ಟು ದಾಖಲಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಅಂಗಡಿಯಿಂದ ಮಾತ್ರ ಶುರು ಮಾಡಬೇಡಿ. ಮೊದಲು ಸ್ಯಾಂಡ್ ಐಲೆಂಡ್ ಕಡೆಯ ಲಾ ಮರಿಯಾನಾ ಸೇಲಿಂಗ್ ಕ್ಲಬ್ಬಿನ ಟಿಕಿ ಬಾರಿಗೆ ಹೋಗಿ. 1957ರಲ್ಲಿ ಆರಂಭವಾದ ಜಾಗ ಅದು. ಬಾಗಿಲು ಹಾಕಿದ ಬೇರೆ ಟಿಕಿ ಬಾರುಗಳ ದೀಪ, ಮೇಜು, ಕೆತ್ತನೆಗಳು ಅಲ್ಲಿಗೆ ಬಂದು ಸೇರಿವೆ. ಯಾವ ವಸ್ತು ಯಾವ ಬಾರಿನದು ಎಂದು ಕೇಳಿ ಬರೆದುಕೊಳ್ಳಿ. ಟಿಕಿ ಬಾರುಗಳಿಗೆ ನಾಂದಿ ಹಾಡಿದ ಡಾನ್ ಬೀಚ್ ಅದೇ 1957ರಲ್ಲಿ ವೈಕಿಕಿಯಲ್ಲಿ ಆಲದ ಮರದ ಸುತ್ತ ಕಟ್ಟಿದ ಇಂಟರ್‌ನ್ಯಾಷನಲ್ ಮಾರ್ಕೆಟ್ ಪ್ಲೇಸ್‌ನಲ್ಲಿ ಈಗ ಉಳಿದಿರುವುದು ಆಲದ ಮರ. ಸುತ್ತಲಿನದೆಲ್ಲ 2016ರಲ್ಲಿ ತೆರೆದ ಹೊಸ ಮಾಲ್. ಹಳೆಯ ಪೋಸ್ಟ್‌ಕಾರ್ಡ್ ಕೈಯಲ್ಲಿ ಹಿಡಿದು, ಅದೇ ಕೋನದಿಂದ ಈಗಿನ ಫೋಟೋ ತೆಗೆಯಿರಿ. ಕಾಕ್‌ಟೇಲ್ ಗ್ಲಾಸಿನ ಚಂದದ ಚಿತ್ರಗಳಿಂದ ಯಾರಿಗೂ ಪ್ರಯೋಜನವಿಲ್ಲ.

ಕಾಗದದ ವಸ್ತುಗಳ ಕಾಲವನ್ನು ವಿಳಾಸವೇ ಹೇಳುತ್ತದೆ. ಊರಿನ ಹೆಸರಿನ ಮುಂದೆ ‘ಟಿ.ಎಚ್.’ (ಟೆರಿಟರಿ ಆಫ್ ಹವಾಯಿ) ಎಂದಿದ್ದರೆ ಅದು ಹವಾಯಿ ಅಮೆರಿಕದ ರಾಜ್ಯವಾಗುವ ಮೊದಲಿನ, ಅಂದರೆ 1959ರ ಆಗಸ್ಟ್‌ಗಿಂತ ಹಿಂದಿನ ಮುದ್ರಣ. 968ರಿಂದ ಶುರುವಾಗುವ ಜಿಪ್ ಸಂಖ್ಯೆ (ಅಲ್ಲಿಯ ಅಂಚೆ ಪಿನ್‌ಕೋಡ್) ಇದ್ದರೆ 1963ಕ್ಕಿಂತ ಹಿಂದಿನದಲ್ಲ. ರಟ್ಟು ಮಡಚಿದ ಬೆಂಕಿಪೊಟ್ಟಣದಲ್ಲಿ ಗೀರುಪಟ್ಟಿ ಮುಂಭಾಗದಲ್ಲಿದ್ದರೆ ಸಾಮಾನ್ಯವಾಗಿ 1970ರ ದಶಕದ್ದು ಅಥವಾ ಅದಕ್ಕೂ ಹಳೆಯದು. ಆಮೇಲೆ ಅಮೆರಿಕದ ಸುರಕ್ಷಾ ನಿಯಮ ಪಟ್ಟಿಯನ್ನು ಹಿಂಭಾಗಕ್ಕೆ ಕಳುಹಿಸಿತು. ಕಡ್ಡಿಗಳನ್ನು ಅಲ್ಲಿಯೇ ತೆಗೆದುಬಿಡಿ, ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಕಡ್ಡಿಗಳನ್ನು ಹಿಡಿದಿರುವ ಸ್ಟೇಪಲ್ ಪಿನ್ನನ್ನು ಹಿಂದಿನಿಂದ ಚಪ್ಪಟೆ ಚಾಕುವಿನ ತುದಿಯಲ್ಲಿ ನಿಧಾನವಾಗಿ ಎಬ್ಬಿಸಿ. ಮುಂದಿನಿಂದ ಕಿತ್ತರೆ ಚಿತ್ರವೂ ಜೊತೆಗೆ ಕಿತ್ತು ಬರುತ್ತದೆ. ತುಂಬಿದ ಪೊಟ್ಟಣಕ್ಕೇ ಬೆಲೆ ಹೆಚ್ಚು ಎನ್ನುವವರಿದ್ದಾರೆ, ಅನ್ನಲಿ.

ಮಗ್‌ಗಳಿಗೆ ತಳವೇ ಜಾತಕ. ‘ಆರ್ಕಿಡ್ಸ್ ಆಫ್ ಹವಾಯಿ’ ಎಂದು ಅಚ್ಚಿದ್ದರೂ ಅವು ಹೆಚ್ಚಾಗಿ ತಯಾರಾದದ್ದು ಜಪಾನಿನಲ್ಲಿ. ಹೆಸರು ನೋಡಿ ಹವಾಯಿಯ ಕುಂಬಾರಿಕೆ ಎಂದು ಬರೆದುಬಿಡಬೇಡಿ. ತಳ, ಮುಖ, ಬೆನ್ನು ಮೂರನ್ನೂ ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆದ ಮೇಲೆಯೇ ತೊಳೆಯುವ ಮಾತು. ಕೆಲವುಗಳ ಕಣ್ಣು, ತುಟಿಗೆ ಗ್ಲೇಜಿನ (ಪಿಂಗಾಣಿಯ ಹೊಳಪು ಲೇಪದ) ಮೇಲೆ ಸುಡದೆ ಬಣ್ಣ ಹಚ್ಚಿರುತ್ತಾರೆ. ಸಾಬೂನು ನೀರು ತಗುಲಿದರೆ ಅದು ಕೈಗೇ ಬರುತ್ತದೆ. ಒಣ ಬ್ರಷ್ ಸಾಕು. ಅವುಗಳಲ್ಲಿ ಕುಡಿಯಬೇಡಿ, ಹಳೆಯ ಗ್ಲೇಜಿನಲ್ಲಿ ಸೀಸವಿರಬಹುದು. ಮರದ ಕೆತ್ತನೆ ಸಿಕ್ಕರೆ ಕಪ್ಪು ಕಾಗದದ ಮೇಲೆ ಒಂದು ವಾರ ನಿಲ್ಲಿಸಿ. ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳು ಇನ್ನೂ ಕೆಲಸದಲ್ಲಿದೆ. ಉಳಿದ ಸಂಗ್ರಹದ ಹತ್ತಿರ ತರಬೇಡಿ. ಎಣ್ಣೆ ಹಚ್ಚಿ ಹೊಳಪು ಕೊಡಲೂ ಹೋಗಬೇಡಿ.

ಬಾರಿನ ಟಿಕಿ 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಮೆರಿಕದ ಕಲ್ಪನೆ. ಬಿಷಪ್ ಮ್ಯೂಸಿಯಂನಲ್ಲಿರುವ ‘ಕೂ’ ಹವಾಯಿಯವರು ಪೂಜಿಸಿದ ದೇವರ ಮೂರ್ತಿ. ಎರಡನ್ನೂ ಒಂದೇ ಶೀರ್ಷಿಕೆಯಡಿ ಹಾಕಿದರೆ ಅಲ್ಲಿಯ ಜನರಿಗೆ ನೋವಾಗುತ್ತದೆ, ನೋವಾಗುವುದು ಸರಿಯೂ ಹೌದು. ಬಾರಿನ ಟಿಕಿಯನ್ನು ‘ಬಾರ್ ಅಲಂಕಾರ’ ಎಂದು ನಿಮ್ಮ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಹಳೆಯ ಬಾರ್ ಕೆಲಸಗಾರರು ಸಿಕ್ಕರೆ ಆ ಕಾಲ ಹೇಗಿತ್ತು ಎಂದು ಕೇಳಬೇಡಿ, ಕಥೆ ಹೇಳುತ್ತಾರೆ. ಪಂಜು ಹಚ್ಚುತ್ತಿದ್ದವರು ಯಾರು, ಮೂರ್ತಿ ಕೆತ್ತಿದವರು ಯಾರು, ಬಾರ್ ಮುಚ್ಚಿದ ದಿನ ಸಾಮಾನು ಯಾರ ಲಾರಿ ಏರಿತು ಎಂದು ಕೇಳಿ. ಧ್ವನಿಮುದ್ರಣದ ಮೊದಲ ಮಾತಿನಲ್ಲೇ ಅವರ ಹೆಸರು, ದಿನಾಂಕ, ಒಪ್ಪಿಗೆ ಮೂರೂ ಅವರ ಬಾಯಿಂದಲೇ ಬರಲಿ.