ಸಶೇಷ ಅಂತ ಹಾಕಿ ಕೈಬಿಟ್ಟ ಕಥೆ

ಓದುಗರ ಪತ್ರ: "ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಇತಿಹಾಸ ಮೇಷ್ಟ್ರು. ಆರು ತಿಂಗಳಿಂದ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಚಳಿಗೆ ಹೊರಗೆ ಕಾಲಿಡುವ ಹಾಗಿಲ್ಲ. ಅಳಿಯಂದಿರು 'ನಾರ್ತ್‌ವೆಸ್ಟ್ ಪ್ಯಾಸೇಜ್' ಎಂಬ ಹಳೇ ಟಿವಿ ಧಾರಾವಾಹಿ ಹುಡುಕಿಕೊಟ್ಟರು. ಅದರ ನಾಯಕ ಮೇಜರ್ ರಾಬರ್ಟ್ ರಾಜರ್ಸ್ ಈ ಸೀಮೆಯವನೇ. ಹಿಂದಿನ ಸಂಚಿಕೆಯಲ್ಲಿ ನೀವು ಅದನ್ನು 'ಸೋತು ಮನೆಗೆ ಹೋದ ಧಾರಾವಾಹಿ' ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಅಂಥ ವೀರನ ಕಥೆಯನ್ನು 26 ಕಂತಿಗೇ ನಿಲ್ಲಿಸಿದ್ದು ಅನ್ಯಾಯ. ಇನ್ನೂ ಹತ್ತು ವರ್ಷ ಓಡಬೇಕಿತ್ತು. ನಿಮಗೆ ವೀರರಸ ಹಿಡಿಸುವುದಿಲ್ಲವೇ?"

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಮೊದಲು ಖುಷಿಯಾಯಿತು. ಆಮೇಲೆ ಸ್ವಲ್ಪ ಸಿಟ್ಟು ಬಂತು. ಸಿಟ್ಟು ಯಾಕೆ ಅಂತ ನಿಧಾನವಾಗಿ ಹೇಳ್ತೇನೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಒಂದೇ ಸಾಲಿನಲ್ಲಿ ಮುಗಿಸಿದ್ದು ನನ್ನ ತಪ್ಪು. 1958ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ಚಾನೆಲ್ ಅದನ್ನು ಶುರು ಮಾಡಿದಾಗ ಬಹುತೇಕ ಧಾರಾವಾಹಿಗಳು ಕಪ್ಪು-ಬಿಳುಪು. ಇದು ಬಣ್ಣದ್ದು. ರಾಜರ್ಸ್ ಪಾತ್ರದ ಕೀತ್ ಲಾರ್ಸನ್ ನೋಡೋಕೆ ಚೆನ್ನಾಗಿದ್ದಾನೆ. ನಾಯಕನ ಜೊತೆಗಾರ ಹಂಕ್ ಮ್ಯಾರಿನರ್ ಆಗಿ ಬರುವ ಬಡ್ಡಿ ಎಬ್ಸನ್ ಸುಮ್ನೆ ನಿಂತುಕೊಂಡರೂ ಸಾಕು, ಕಣ್ಣು ಅವನ ಮೇಲೇ ಇರುತ್ತದೆ. 1939ರ 'ವಿಝರ್ಡ್ ಆಫ್ ಆಝ್' ಚಿತ್ರದಲ್ಲಿ ತಗಡಿನ ಮನುಷ್ಯನ ಪಾತ್ರ ಇವನದ್ದೇ ಆಗಬೇಕಿತ್ತು. ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿ ಉಸಿರಿಗೆ ಹೋಗಿ ಆಸ್ಪತ್ರೆ ಸೇರಿದ, ಪಾತ್ರ ಬೇರೆಯವನ ಪಾಲಾಯಿತು. ಈ ಧಾರಾವಾಹಿ ನಿಂತ ಮೂರು ವರ್ಷಕ್ಕೆ 'ಬೆವರ್ಲಿ ಹಿಲ್‌ಬಿಲ್ಲೀಸ್' ಎಂಬ ಹಾಸ್ಯ ಧಾರಾವಾಹಿ ಹಿಡಿದು ಮನೆಮಾತಾದ. ಅದಿರಲಿ.

ಅದು ನಿಂತಿದ್ದಕ್ಕೆ ಅನ್ಯಾಯ, ಪಿತೂರಿ ಅಂತೆಲ್ಲ ಹುಡುಕಬೇಕಿಲ್ಲ. ಭಾನುವಾರ ಸಂಜೆ ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ 'ಮ್ಯಾವರಿಕ್' ಬರುತ್ತಿತ್ತು. ಅದರ ನಾಯಕ ಇಸ್ಪೀಟ್ ಆಡುವವನು. ಜಗಳ ಬಂದರೆ ಮೆಲ್ಲಗೆ ಜಾಗ ಖಾಲಿ ಮಾಡುವುದೇ ಅವನ ಧರ್ಮ. ಜನ ನಿಮ್ಮ ವೀರನನ್ನು ಬಿಟ್ಟು ಅವನನ್ನು ನೋಡಿದರು! ಎನ್‌ಬಿಸಿಯವರು ಶುಕ್ರವಾರಕ್ಕೆ ಬದಲಾಯಿಸಿ ನೋಡಿದರು, ಆಗಲಿಲ್ಲ. 1959ರ ಮಾರ್ಚ್‌ಗೆ ಮುಗಿಯಿತು. ವಾಯುವ್ಯ ಮೂಲೆಯಲ್ಲಿಟ್ಟ ವಸ್ತು ಮನೆಯಲ್ಲಿ ನಿಲ್ಲುವುದಿಲ್ಲ ಅಂತ ನಮ್ಮ ವಾಸ್ತು ಪಂಡಿತರು ಹೇಳ್ತಾರಲ್ಲ, ಹಾಗಾಯಿತು. ಅದನ್ನು ತಯಾರಿಸಿದ ಸಿನಿಮಾ ಕಂಪನಿ ಎಂಜಿಎಂ ಮಾತ್ರ ನಷ್ಟ ಮಾಡಿಕೊಳ್ಳಲಿಲ್ಲ. ಅವರು ಕೆಲವು ಕಂತುಗಳನ್ನು ಕತ್ತರಿಸಿ, ಜೋಡಿಸಿ ಮೂರು ಸಿನಿಮಾ ಮಾಡಿದರು. ಹಳೇ ಸೀರೆ ಹರಿದು ಕೌದಿ ಹೊಲಿದ ಹಾಗೆ.

ಈಗ ಸಿಟ್ಟಿಗೆ ಬರುತ್ತೇನೆ. ಹತ್ತು ವರ್ಷ ಓಡಬೇಕಿತ್ತು ಅಂತೀರಿ. ಓಡಿ ಎಲ್ಲಿಗೆ ಹೋಗಬೇಕಿತ್ತು ಮೇಷ್ಟ್ರೇ? ಶೀರ್ಷಿಕೆ ನೋಡಿ. ವಾಯುವ್ಯ ದಾರಿ. ಅಟ್ಲಾಂಟಿಕ್‌ನಿಂದ ಅಮೆರಿಕದ ನೆತ್ತಿಯ ಮೇಲೆ ಹಾದು ಶಾಂತಸಾಗರ ಮುಟ್ಟುವ ಜಲಮಾರ್ಗ. ಅದನ್ನು ಕಂಡುಹಿಡಿದವರಿಗೆ 20,000 ಪೌಂಡ್ ಕೊಡುತ್ತೇವೆ ಅಂತ ಬ್ರಿಟಿಷ್ ಪಾರ್ಲಿಮೆಂಟು 1745ರಲ್ಲೇ ಕಾನೂನು ಮಾಡಿತ್ತು. ರಾಜರ್ಸ್ ಜೀವಮಾನವಿಡೀ ಕನವರಿಸಿದ್ದು ಅದನ್ನೇ. ನೀವು ನೋಡಿದ 26 ಕಂತಿನಲ್ಲಿ ಆ ದಾರಿಯ ಕಡೆಗೆ ಒಬ್ಬನಾದರೂ ನಾಲ್ಕು ಹೆಜ್ಜೆ ಇಟ್ಟನೇ? ನಾಯಕನ ಜೊತೆಗೆ ಲ್ಯಾಂಗ್ಡನ್ ಟೌನ್ ಅಂತ ನಕ್ಷೆ ಬರೆಯುವ ಹುಡುಗ ಬೇರೆ ಇದ್ದಾನೆ. ನಕ್ಷೆ ಬರೆಯುವವನು ಇದ್ದಾನೆ, ದಾರಿ ಇಲ್ಲ. ಫ್ರೆಂಚರ ಜೊತೆ ಹೊಡೆದಾಟ, ಅಮೆರಿಕದ ಮೂಲನಿವಾಸಿ ಇಂಡಿಯನ್ನರ ಜೊತೆ ಹೊಡೆದಾಟ, ಅರ್ಧ ಗಂಟೆಗೆ ಗೆಲುವು, ಮುಂದಿನ ವಾರ ಮತ್ತೆ ಅದೇ.

ಇದು ಟಿವಿಯವರೊಬ್ಬರ ಪಾಪ ಅಲ್ಲ. ಕೆನೆತ್ ರಾಬರ್ಟ್ಸ್‌ನ ಮೂಲ ಕಾದಂಬರಿ 1937ರದ್ದು, ಎರಡು ಭಾಗ. ಮೊದಲ ಭಾಗದಲ್ಲಿ ಯುದ್ಧ, ಎರಡನೆಯದರಲ್ಲಿ ದಾರಿಯ ಹುಡುಕಾಟ ಮತ್ತು ನಾಯಕನ ಪತನ. 1940ರಲ್ಲಿ ಎಂಜಿಎಂ ಸ್ಪೆನ್ಸರ್ ಟ್ರೇಸಿಯನ್ನು ಹಾಕಿಕೊಂಡು ಸಿನಿಮಾ ಮಾಡಿತು. ಹೆಸರಿನ ಕೆಳಗೆ 'ಮೊದಲ ಪುಸ್ತಕ' ಅಂತ ಹಾಕಿದರು. ಎರಡನೇ ಪುಸ್ತಕ ಬರಲೇ ಇಲ್ಲ. ಹಾಲಿವುಡ್‌ನ ದೊಡ್ಡ 'ಸಶೇಷ' ಅದು. ಹದಿನೆಂಟು ವರ್ಷದ ಮೇಲೆ ಧಾರಾವಾಹಿಯವರಿಗೆ ಆ ಬಾಕಿ ತೀರಿಸುವ ಅವಕಾಶ ಇತ್ತು. ಅವರೂ ಮೊದಲ ಭಾಗದ ಬಾಲ ಹಿಡಿದೇ ಸುತ್ತಿದರು.

ಸಶೇಷ ಅಂದಾಗ ನೆನಪಾಯಿತು. ನಾನು ಈ ಕಸುಬಿಗೆ ಬಂದ ಹೊಸದರಲ್ಲಿ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಹೆಸರು ಬೇಡ. ಅದರಲ್ಲಿ ಬರುತ್ತಿದ್ದ ಧಾರಾವಾಹಿ ಕಾದಂಬರಿಯೊಂದನ್ನು ಮಾಲೀಕರು ಹದಿನೇಳನೇ ಕಂತಿಗೆ ನಿಲ್ಲಿಸಿಬಿಟ್ಟರು. ನಾಯಕ ಜೈಲಿಗೆ ಹೋಗುವ ಹೊತ್ತು. "ಇನ್ಮೇಲೆ ಬರೀ ಗೋಳು, ಯಾರ್ರೀ ಓದ್ತಾರೆ" ಅಂದರು. ಆ ಕಂತಿನ ಕೆಳಗೆ 'ಸಶೇಷ' ಅಂತ ಮೊಳೆ ಜೋಡಿಸಿ ಆಗಿತ್ತು. ತೆಗೆಯುವುದನ್ನು ನಾನೇ ಮರೆತೆ. ತಿಂಗಳುಗಟ್ಟಲೆ ಕಾರ್ಡು ಬಂದವು. ಒಬ್ಬ ಅಜ್ಜಿ ಮೊಮ್ಮಗನ ಕೈಲಿ ಪೆನ್ಸಿಲಿನಲ್ಲಿ ಬರೆಸಿದ್ದರು: "ಆ ಹುಡುಗ ಜೈಲಿಂದ ಬಂದ್ನೋ ಇಲ್ವೋ, ಅಷ್ಟು ಮಾತ್ರ ತಿಳಿಸಿ." ಮಾಲೀಕರಿಗೆ ತೋರಿಸಿದೆ. ಕಾರ್ಡಿನ ಮೇಲೆ ಕಾಫಿ ಲೋಟ ಇಟ್ಟರು. ಅವತ್ತಿನಿಂದ ನನಗೆ ಅರ್ಧಕ್ಕೆ ನಿಂತ ಕಥೆಗಳ ಮೇಲೆ ಅಷ್ಟು ಸಿಟ್ಟಿಲ್ಲ. ಗೆದ್ದ ಅರ್ಧವನ್ನು ಇಟ್ಟುಕೊಂಡು ಸೋತ ಅರ್ಧವನ್ನು ಬಿಸಾಡುವವರ ಮೇಲೆ ಸಿಟ್ಟು.

ನೀವು ಇತಿಹಾಸ ಪಾಠ ಮಾಡಿದವರು. ಹಾಗಾದರೆ ನಿಮ್ಮ ವೀರನ ಪೂರ್ತಿ ಲೆಕ್ಕ ತೆಗೆಯೋಣ. ಹುಟ್ಟಿದ್ದು 1731, ಮ್ಯಾಸಚೂಸೆಟ್ಸ್‌ನಲ್ಲಿ. ಬೆಳೆದಿದ್ದು ನೀವೀಗ ಇರುವ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಸೈನ್ಯ ಸೇರುವ ಮೊದಲು ಖೋಟಾ ನೋಟಿನ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ. ಆಮೇಲೆ ಅಮೆರಿಕದಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ನಡೆದಾಗ, ಬ್ರಿಟಿಷರ ಪರವಾಗಿ ಕಾಡಿನಲ್ಲಿ ಕಾದಾಡುವ ಹಸಿರು ಉಡುಪಿನ ರೇಂಜರ್ ಪಡೆ ಕಟ್ಟಿದ. ಮಂಜಿನಲ್ಲಿ ನಡೆಯೋದು ಹೇಗೆ, ಕಾಡಿನಲ್ಲಿ ಮಲಗೋದು ಹೇಗೆ ಅಂತ 28 ನಿಯಮ ಬರೆದ. ಅಮೆರಿಕದ ಸೈನ್ಯದ ರೇಂಜರ್‌ಗಳು ಇವತ್ತಿಗೂ ಅವನ ಹೆಸರು ಹೇಳುತ್ತಾರೆ.

1759ರ ಸೆಪ್ಟೆಂಬರ್‌ನಲ್ಲಿ ಸುಮಾರು 200 ಜನರ ಜೊತೆ ದೋಣಿಯಲ್ಲಿ ಶ್ಯಾಂಪ್ಲೇನ್ ಸರೋವರದ ಮೇಲೆ ಉತ್ತರಕ್ಕೆ ಹೊರಟ. ಬಚ್ಚಿಟ್ಟ ದೋಣಿಗಳು ಹಿಂದೆಯೇ ಫ್ರೆಂಚರ ಕೈಗೆ ಸಿಕ್ಕವು. ಒಂಬತ್ತು ದಿನ ಕೆಸರಿನಲ್ಲಿ ನಡೆದು, ಅಕ್ಟೋಬರ್ 4ರ ಬೆಳಗಿನ ಜಾವ ಫ್ರೆಂಚರ ಪರ ಇದ್ದ ಮೂಲನಿವಾಸಿ ಅಬೆನಾಕಿ ಜನರ ಸೇಂಟ್ ಫ್ರಾನ್ಸಿಸ್ ಹಳ್ಳಿಗೆ ಬೆಂಕಿ ಇಟ್ಟ. 200 ಜನರನ್ನು ಕೊಂದೆವು ಅಂತ ವರದಿ ಬರೆದ. ಫ್ರೆಂಚರ ಲೆಕ್ಕದಲ್ಲಿ ಸತ್ತವರು ಸುಮಾರು 30. ಅವರಲ್ಲೂ ಹೆಂಗಸರು, ಮಕ್ಕಳೇ ಜಾಸ್ತಿ. ಅಬೆನಾಕಿ ಮನೆಗಳಲ್ಲಿ ಅಜ್ಜಿಯರ ಬಾಯಿಂದ ಬಾಯಿಗೆ ಬಂದ ಕಥೆ ಬೇರೆಯೇ ಇದೆ. ಹಿಂದಿನ ರಾತ್ರಿ ಕುಣಿತ ನಡೆದಿತ್ತಂತೆ. ಒಬ್ಬ ಹುಡುಗಿ ಗಾಳಿಗೆ ಅಂತ ಹೊರಗೆ ಬಂದಳಂತೆ. ಕತ್ತಲಲ್ಲಿ ಒಬ್ಬ ಅಪರಿಚಿತ, ದಾಳಿಕೋರರ ಜೊತೆಗೇ ಬಂದವನು, ಓಡಿಹೋಗಿ ಅಂತ ಎಚ್ಚರಿಸಿದನಂತೆ. ನಂಬಿದವರು ಮಕ್ಕಳನ್ನು ಎತ್ತಿಕೊಂಡು ಅಡಗಿದರು. ಈ ಹುಡುಗಿ ನಿಮ್ಮ 26 ಕಂತಿನಲ್ಲಿ ಎಲ್ಲಿ ಬರುತ್ತಾಳೆ?

ವಾಪಸ್ ಬರುವ ದಾರಿಯಲ್ಲಿ ಹಸಿವು. ಬೆಲ್ಟಿನ ಚರ್ಮ ತಿಂದರು. ಅದಕ್ಕಿಂತ ಕೆಟ್ಟದ್ದನ್ನೂ ತಿಂದರು. ನದಿ ಕೂಡುವ ಒಂದು ಜಾಗಕ್ಕೆ ಊಟ ಕಳಿಸುವ ಏರ್ಪಾಡಾಗಿತ್ತು. ರಾಜರ್ಸ್ ಅಲ್ಲಿಗೆ ತಲುಪಿದಾಗ ಒಲೆ ಇನ್ನೂ ಉರಿಯುತ್ತಿತ್ತು. ಊಟ ತಂದ ಅಧಿಕಾರಿ ಕಾದು ಕಾದು, ಮೂಟೆ ಕಟ್ಟಿಕೊಂಡು ಎರಡು ಗಂಟೆ ಮೊದಲು ಹೊರಟುಹೋಗಿದ್ದ. ಬಂದೂಕು ಹಾರಿಸಿದರು, ಕೂಗಿದರು. ಯಾರೂ ಬರಲಿಲ್ಲ. ಉರಿಯುವ ಒಲೆ ಇದೆ, ಪಾತ್ರೆ ಇಲ್ಲ. ಹಸಿದವನಿಗೆ ಅದಕ್ಕಿಂತ ದೊಡ್ಡ ಅಣಕ ಇನ್ನೇನಿದೆ? ಇದೊಂದೇ ದೃಶ್ಯಕ್ಕೆ ನಾನು ಆ ಎಲ್ಲ ಕತ್ತಿವರಸೆಯನ್ನೂ ಬಿಟ್ಟುಕೊಡ್ತೇನೆ.

ಇಲ್ಲಿಂದ ಮುಂದಿನದ್ದೇ ನಿಜವಾದ ಕಥೆ. ಸೈನಿಕರ ಸಂಬಳವನ್ನು ಎಷ್ಟೋ ಸಲ ಕೈಯಿಂದ ಹಾಕಿದ್ದ. ಸರ್ಕಾರ ಆ ದುಡ್ಡು ಪೂರ್ತಿ ಕೊಡಲಿಲ್ಲ. ನಮ್ಮ ಕಡೆ ಸರ್ಕಾರಿ ಕಂಟ್ರಾಕ್ಟ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಗಾರರು ಬೆನ್ನು ಹತ್ತಿದರು. ಲಂಡನ್‌ಗೆ ಹೋದ. 1765ರಲ್ಲಿ ಯುದ್ಧದ ದಿನಚರಿ ಅಚ್ಚು ಹಾಕಿಸಿದ. ಮರುವರ್ಷ ಒಂದು ನಾಟಕ ಬಂತು, 'ಪಾಂಟಿಯಾಕ್'. ಹೊದಿಕೆ ಮೇಲೆ ಹೆಸರಿಲ್ಲ, ಆದರೆ ಬರೆದವನು ರಾಜರ್ಸ್ ಅಂತಲೇ ಎಲ್ಲರೂ ಹೇಳುವುದು. ಬ್ರಿಟಿಷರ ವಿರುದ್ಧ ದಂಗೆ ಎದ್ದ ಇಂಡಿಯನ್ ಮುಖಂಡನೇ ಅದರ ದುರಂತ ನಾಯಕ. ಮೊದಲ ಅಂಕ ತೆರೆದರೆ ಇಂಗ್ಲಿಷ್ ವ್ಯಾಪಾರಿಗಳು ಕೂತಿದ್ದಾರೆ. ತುಪ್ಪಳ ಮಾರಲು ಬಂದ ಇಂಡಿಯನ್ನರಿಗೆ ರಮ್ ಕುಡಿಸಿ, ತಕ್ಕಡಿಯಲ್ಲಿ ಮೋಸ ಮಾಡುವುದು ಹೇಗೆ ಅಂತ ಹಳಬ ಹೊಸಬನಿಗೆ ಪಾಠ ಹೇಳುತ್ತಿದ್ದಾನೆ. ಹಳ್ಳಿ ಸುಟ್ಟವನೇ ಏಳು ವರ್ಷದ ಮೇಲೆ ಸುಟ್ಟುಕೊಂಡವರ ಪಕ್ಷ ವಹಿಸಿ ಬರೆಯುತ್ತಾನೆ! ಪಶ್ಚಾತ್ತಾಪವೋ, ವ್ಯಾಪಾರಿಗಳ ಮೇಲಿನ ಹಳೇ ಸಿಟ್ಟೋ, ಸುಮ್ನೆ ದುಡ್ಡಿನ ಆಸೆಯೋ? ಮೂರೂ ಇರಬಹುದು. ಈ ಮನುಷ್ಯನನ್ನು ತೋರಿಸ್ರೀ ಅಂದರೆ ಎನ್‌ಬಿಸಿಯವರು ನಮಗೆ ಬರೀ ಚರ್ಮದ ಅಂಗಿ ತೋರಿಸಿದರು.

1766ರಲ್ಲಿ ಮಿಚಿಲಿಮ್ಯಾಕಿನಾಕ್ ಕೋಟೆಯ ಅಧಿಕಾರ ಸಿಕ್ಕಿತು. ಅಲ್ಲಿಂದ ಜೊನಾಥನ್ ಕಾರ್ವರ್ ಮತ್ತಿತರರನ್ನು ಪಶ್ಚಿಮಕ್ಕೆ ಅಟ್ಟಿದ, ದಾರಿ ಹುಡುಕಲು. ಅವರು ಮಿಸಿಸಿಪ್ಪಿ ದಾಟಿ ಹೋದರು, ಚಳಿಗಾಲ ಕಳೆದರು. ಸಾಮಾನು ಬರುತ್ತೆ ಅಂತ ಸುಪೀರಿಯರ್ ಸರೋವರದ ದಡದಲ್ಲಿ ಕಾದರು. ಬರಲಿಲ್ಲ, ವಾಪಸಾದರು. 1767ರ ಡಿಸೆಂಬರ್‌ನಲ್ಲಿ ದೇಶದ್ರೋಹದ ಆರೋಪ ಹೊರಿಸಿ ರಾಜರ್ಸ್‌ನನ್ನೇ ಹಿಡಿದು ಬೇಡಿ ಹಾಕಿದರು. ಮಾಂಟ್ರಿಯಲ್‌ನಲ್ಲಿ ವಿಚಾರಣೆ ನಡೆದು ಖುಲಾಸೆಯಾಯಿತು. ಆದರೆ ಮನುಷ್ಯ ಮತ್ತೆ ಮೇಲೇಳಲಿಲ್ಲ. ಲಂಡನ್‌ನಲ್ಲಿ ಸಾಲಗಾರರ ಜೈಲು. ಕುಡಿತ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂದಾಗ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್ ಅವನನ್ನು ನಂಬದೆ ಬಂಧಿಸಿದ, ಇವನು ತಪ್ಪಿಸಿಕೊಂಡು ಬ್ರಿಟಿಷರ ಕಡೆ ಸೇರಿದ. 1778ರಲ್ಲಿ ಹೆಂಡತಿ ಎಲಿಜಬೆತ್ ವಿಚ್ಛೇದನ ಪಡೆದಳು. ಕೊಟ್ಟಿದ್ದು ನಿಮ್ಮ ನ್ಯೂ ಹ್ಯಾಂಪ್‌ಶೈರ್‌ನ ಶಾಸನಸಭೆ. 1795ರಲ್ಲಿ ಲಂಡನ್‌ನಲ್ಲಿ ಬಡವನಾಗಿ ಸತ್ತ. ಅವನು ಕನವರಿಸಿದ ವಾಯುವ್ಯ ದಾರಿಯನ್ನು ಹಡಗಿನಲ್ಲಿ ಮೊದಲು ಪೂರ್ತಿ ದಾಟಿದ್ದು ನಾರ್ವೆಯ ಅಮುಂಡ್‌ಸೆನ್, 1906ರಲ್ಲಿ.

ವೀರರಸ ಹಿಡಿಸುವುದಿಲ್ಲವೇ ಅಂತ ಕೇಳಿದ್ದೀರಿ. ತೀರ್ಥಹಳ್ಳಿಯವರು ನನ್ನನ್ನು ಹೀಗೆ ಕೇಳಬಹುದೇ? ನೀವೂ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರೇ ತಾನೆ. ಗದಾಯುದ್ಧ ಪ್ರಸಂಗದಲ್ಲಿ ಜನ ನಿದ್ದೆಗೆಟ್ಟು ಕಾಯುವುದು ಯಾರಿಗೆ? ಎಲ್ಲ ಕಳೆದುಕೊಂಡು ವೈಶಂಪಾಯನ ಸರೋವರದಲ್ಲಿ ಅಡಗಿದ ಕೌರವನಿಗೆ. ಭೀಮ ಗೆಲ್ಲುತ್ತಾನೆ ಅಂತ ಸಂಜೆಯೇ ಗೊತ್ತಿರುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಕೌರವ ಒಬ್ಬನೇ ರಂಗದ ಮೇಲೆ ನಿಂತು ಮಾತಾಡುವಾಗ ಚಹಾದ ಅಂಗಡಿಯವನೂ ಸ್ಟವ್ ಆರಿಸಿ ಬರುತ್ತಾನೆ. ಆ ಭಾಗ ಕತ್ತರಿಸಿ ಮೇಳದವರು ಗಂಟೆ ಹನ್ನೊಂದಕ್ಕೇ ಮಂಗಳ ಹಾಡಿದ್ದರೆ ನೀವೇ ಚೌಕಿಗೆ ನುಗ್ಗುತ್ತಿದ್ದಿರಿ.

ನಮ್ಮ ಟಿವಿಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು, ಆದರೂ ಹೇಳ್ತೇನೆ. ಅಲ್ಲಿ ತೊಂದರೆ ಉಲ್ಟಾ. ಸಾವಿರ ಕಂತು ದಾಟಿದರೂ ಯಾರೂ ಸೋಲುವುದಿಲ್ಲ, ಸಾಯುವುದಿಲ್ಲ. ಸತ್ತರೂ ಬೇರೆ ಮುಖ ಹಾಕಿಕೊಂಡು ವಾಪಸ್ ಬರುತ್ತಾರೆ. ಮನೆಯಲ್ಲಿ ನಾನು ಪೇಪರ್ ಓದುತ್ತಾ ಕೂತಿದ್ದರೆ ಒಂದೇ ಕೆನ್ನೆಗೆ ಒಂದೇ ಏಟು ಮೂರು ಸಲ ಕೇಳಿಸುತ್ತೆ. ಆ ಸೊಸೆಗೂ ವಯಸ್ಸಾಗುತ್ತೆ, ಅತ್ತೆಗೂ ಮರೆವು ಬರುತ್ತೆ, ಗಂಡನ ವ್ಯಾಪಾರವೂ ಮುಳುಗಬಹುದು ಅಂತ ಬರೆಯುವವರಿಗೆ ಹೊಳೆಯುವುದೇ ಇಲ್ಲವೋ, ಹೊಳೆದರೂ ಚಾನೆಲ್‌ನವರು ಬಿಡುವುದಿಲ್ಲವೋ. ಮಾಲೀಕರ ಕಾಫಿ ಲೋಟ ಎಲ್ಲ ಕಡೆಯೂ ಇರುತ್ತದೆ, ಬಿಡಿ.

ಇರಲಿ. ನಿಮಗೆ ಒಂದು ಕೆಲಸ ಹೇಳುತ್ತೇನೆ. ಚಳಿ ಕಡಿಮೆಯಾದ ಮೇಲೆ ಅಳಿಯಂದಿರ ಕಾರು ಹತ್ತಿ ಚಾರ್ಲ್ಸ್‌ಟೌನ್‌ಗೆ ಹೋಗಿ. ಕನೆಕ್ಟಿಕಟ್ ನದಿ ದಡದಲ್ಲಿ 'ನಾಲ್ಕನೇ ನಂಬರ್ ಕೋಟೆ' ಅಂತ ಹಳೇ ಮಾದರಿಯಲ್ಲಿ ಮತ್ತೆ ಕಟ್ಟಿದ್ದಾರೆ. ಹಸಿದ ರಾಜರ್ಸ್ ತೆಪ್ಪದಲ್ಲಿ ತೇಲಿಕೊಂಡು ಬಂದು ಸೇರಿದ್ದು ಆ ಕೋಟೆಗೇ. ಆಮೇಲೆ ಗಡಿ ದಾಟಿ, ವೀಸಾ ನೋಡಿಕೊಂಡು, ಕೆನಡಾದ ಕ್ವಿಬೆಕ್‌ಗೂ ಹೋಗಿ. ಅವನು ಸುಟ್ಟ ಹಳ್ಳಿ ಈಗ ಒಡನಾಕ್. ಅಬೆನಾಕಿ ಜನ ಇವತ್ತಿಗೂ ಅಲ್ಲಿದ್ದಾರೆ, ಅವರದೇ ಒಂದು ಮ್ಯೂಸಿಯಂ ಇದೆ. ಅಲ್ಲೇ ಬೆಳೆದ ಅಲಾನಿಸ್ ಒಬೊಮ್ಸಾವಿನ್ ಎಂಬ ಹಿರಿಯ ನಿರ್ದೇಶಕಿ 2006ರಲ್ಲಿ ತಮ್ಮ ಜನರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದನ್ನೂ ಹುಡುಕಿಕೊಡಲು ಅಳಿಯಂದಿರಿಗೆ ಹೇಳಿ.

ನೋಡಿ ಬಂದು ನಮಗೆ ಎರಡು ಪುಟ ಬರೆದು ಕಳಿಸಿ. ಆ ರಾತ್ರಿಯ ಹುಡುಗಿಯ ಬಗ್ಗೆ ಅಲ್ಲಿಯವರು ಏನು ಹೇಳುತ್ತಾರೆ ಅಂತ ಕೇಳಿ ಬನ್ನಿ. ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತೆ. ಕೊನೆಯ ಪುಟ ಮಾತ್ರ ನಾನು ಕತ್ತರಿಸುವುದಿಲ್ಲ.

— ಸಂಪಾದಕ