ಯಕೃತ್ತಿನ ಜೀವಕೋಶದಲ್ಲಿ ಕೊಬ್ಬಿನ ಆಲ್ಕೋಹಾಲ್ ಎಲ್ಲಿ, ಹೇಗೆ ತಯಾರಾಗುತ್ತದೆ?

ಮುಖ್ಯವಾಗಿ ಪೆರಾಕ್ಸಿಸೋಮ್ ಎಂಬ, ಜೀವಕೋಶದೊಳಗಿನ ಪುಟ್ಟ ಚೀಲದಲ್ಲಿ, ಅದರ ಒಳಗಲ್ಲ, ಪೊರೆಯ ಹೊರಮೈಯಲ್ಲಿ. ಅಲ್ಲಿ ಬಾಲ ಊರಿ ನಿಂತಿರುವ ಎಫ್‌ಎಆರ್1 ಕಿಣ್ವ, ಕೋಎ (ಕೊಬ್ಬಿನಾಮ್ಲವನ್ನು ಹೊತ್ತೊಯ್ಯುವ ಸಹಾಯಕ ಅಣು) ಜೊತೆ ಬೆಸೆದ 16 ಅಥವಾ 18 ಇಂಗಾಲದ ಕೊಬ್ಬಿನಾಮ್ಲವನ್ನು ಹಿಡಿದು, ಎಲೆಕ್ಟ್ರಾನ್ ಕೊಡುವ ಎನ್‌ಎಡಿಪಿಎಚ್ ಅಣು ಎರಡನ್ನು ಖರ್ಚುಮಾಡಿ ಆಲ್ಕೋಹಾಲ್ ಆಗಿಸುತ್ತದೆ. ಇದು ಕುಡಿಯುವ ಮದ್ಯವಲ್ಲ, ಮೇಣದಂಥ ಉದ್ದ ಸರಪಳಿ.

ಮುಂದಿನ ಹೆಜ್ಜೆಯೇ ನಿಜಕ್ಕೂ ಸೊಗಸು. ಪೆರಾಕ್ಸಿಸೋಮ್‌ನೊಳಗೆ ಎಜಿಪಿಎಸ್ ಕಿಣ್ವ, ಡೈಹೈಡ್ರಾಕ್ಸಿಅಸಿಟೋನ್ ಫಾಸ್ಫೇಟ್ ಎಂಬ ಮೂರು ಇಂಗಾಲದ ಸಣ್ಣ ಅಣುವಿಗೆ ಅಂಟಿದ ಕೊಬ್ಬಿನಾಮ್ಲವನ್ನು ಕಳಚಿ ಆ ಜಾಗದಲ್ಲಿ ಈ ಆಲ್ಕೋಹಾಲನ್ನು ಕೂರಿಸುತ್ತದೆ. ಹೀಗೆ ಈಥರ್ ಬಂಧ (ಆಮ್ಲಜನಕದ ಮೂಲಕ ಎರಡು ಇಂಗಾಲಗಳ ಜೋಡಣೆ) ಬಂತು. ಇದು ಪ್ಲಾಸ್ಮಲೋಜೆನ್ (ಜೀವಕೋಶದ ಪೊರೆಗಳಲ್ಲಿರುವ ಒಂದು ಬಗೆಯ ಕೊಬ್ಬು) ಆಗುವ ಉಳಿದ ಕೆಲಸ, ಜೀವಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನದು. ಪ್ಲಾಸ್ಮಲೋಜೆನ್ ಹೆಚ್ಚಾದರೆ ಎಫ್‌ಎಆರ್1 ಬೇಗ ನಾಶವಾಗುತ್ತದೆ, ಉತ್ಪಾದನೆ ತಗ್ಗುತ್ತದೆ.

ಎಜಿಪಿಎಸ್ ಕೆಟ್ಟರೆ ಮಗುವಿಗೆ ಮೋಟು ತೋಳು–ತೊಡೆ, ಕಣ್ಣಿನ ಪೊರೆ ಬರುತ್ತವೆ. ಆಲ್ಕೋಹಾಲನ್ನು ಮರಳಿ ಆಮ್ಲವಾಗಿಸುವ ಕಿಣ್ವ ಕೆಟ್ಟರೆ ಆಲ್ಕೋಹಾಲ್ ಶೇಖರವಾಗಿ ಶೋಗ್ರೆನ್–ಲಾರ್ಸನ್ ಕಾಯಿಲೆ: ಒಣಗಿ ಹೊಪ್ಪಳಿಸುವ ಚರ್ಮ, ಸೆಟೆದ ಕಾಲುಗಳು.